ಶೇಖಮ್ಮನ ಸೆರಗಿನ ಫೋನು

ಪಾಸ್ಟರನ್ನು ಮದುವೆಯಾದರೆ ಅವರ ಫೋನಿಗೆ ಸವತಿಯಾಗಿ ಬಾಳಬೇಕಾಗುತ್ತದೆ ಎಂದು ನನಗೆ ಯಾರೂ ಮೊದಲೇ ಹೇಳಲಿಲ್ಲ. ರಾಯಚೂರಿನ ಈ ಮನೆಯಲ್ಲಿ ನಾನು ತಟ್ಟೆಗೆ ಬಿಸಿ ರೊಟ್ಟಿ ಹಾಕಿದ ಗಳಿಗೆಯಲ್ಲೇ ಅದು ಬಡಿದುಕೊಳ್ಳುತ್ತದೆ. ಹೊಸ ಆಟೋಗೆ ಪ್ರಾರ್ಥನೆ, ಕೂಸಿನ ಜ್ವರಕ್ಕೆ ಪ್ರಾರ್ಥನೆ, ಗಂಡ ಹೆಂಡಿರ ಜಗಳಕ್ಕೂ ಪ್ರಾರ್ಥನೆ. ದೂರದ ಊರಿನವರು ಫೋನನ್ನು ರೋಗಿಯ ಕಿವಿಗೆ ಹಿಡಿಯುತ್ತಾರೆ, ಇವರು ಇಲ್ಲಿ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಾರೆ. ನಮ್ಮ ಸಭೆಗಳಲ್ಲಿ ಈಗ ಇದೇ ರೂಢಿ.

ಆ ಗುರುವಾರ ಮೊದಲ ಕರೆ ಮಲ್ಲಟದ ಮೌನೇಶ್ವರಿಯದು.

“ಪಾಸ್ಟರ್ರೀ, ಅವ್ವ ಹೋದ್ಳರೀ. ಲಗೂನ ಬರ್ರಿ.”

ಅವಳ ಅವ್ವ ಶೇಖಮ್ಮ ಗಂಡ ಸತ್ತ ಮೇಲೆ ದೀಕ್ಷಾಸ್ನಾನ ಪಡೆದವಳು. ಭಾನುವಾರ ತಪ್ಪದೆ ಟಂಟಂ ಆಟೋ ಹತ್ತಿ ಮಾನ್ವಿಯ ನಮ್ಮ ಸಣ್ಣ ಸಭೆಗೆ ಬರುತ್ತಿದ್ದಳು. ಆರಾಧನೆ ಮುಗಿದ ಮೇಲೆ ಇವರ ಕೈ ಹಿಡಿದು ಒಂದೇ ಮಾತು: “ನಾ ಸತ್ತರ ನೀವ ಬಂದು ಪ್ರಾರ್ಥನೆ ಮಾಡಬೇಕ್ರೀ. ಸುಮ್ಮನ ಹೂಳಾಕ ಬಿಡಬ್ಯಾಡ್ರಿ.” ಇವರು ಪ್ರತಿ ಸಲವೂ ಆಗಲಿ ಅಂದಿದ್ದರು.

ಬಿಳಿ ಅಂಗಿ ತೊಟ್ಟು, ಬೈಬಲ್ಲು ಚೀಲಕ್ಕೆ ಹಾಕಿ, ಚಪ್ಪಲಿ ಮೆಟ್ಟುವಷ್ಟರಲ್ಲಿ ಮತ್ತೆ ಫೋನು. ಈ ಸಲ ಶೇಖಮ್ಮನ ಮಗ ಅಮರೇಶ, ದೇವದುರ್ಗದಲ್ಲಿ ಸರ್ಕಾರಿ ಶಾಲೆಯ ಮಾಸ್ತರ. ಮಲ್ಲಟಕ್ಕೆ ಹೊರಟ ಬಸ್ಸಿನಿಂದ ಮಾತಾಡುತ್ತಿದ್ದ.

“ಪಾಸ್ಟರ್ರೀ, ನಿಮ್ಮ ಕಾಲು ಬೀಳ್ತೀನಿ, ಬರಬ್ಯಾಡ್ರಿ.”

ಅಮರೇಶನದು ಪರಿಶಿಷ್ಟ ಜಾತಿಯ ಮೀಸಲಾತಿಯಲ್ಲಿ ಸಿಕ್ಕ ನೌಕರಿ. ಕ್ರೈಸ್ತರಾದವರಿಗೆ ಆ ಜಾತಿ ಸರ್ಟಿಫಿಕೇಟು ನಡೆಯುವುದಿಲ್ಲ. ಅವನು ಚರ್ಚಿನ ಮೆಟ್ಟಿಲು ಹತ್ತಿದವನೇ ಅಲ್ಲ. ಆದರೆ ತಾಯಿಯ ಹೆಣದ ಮುಂದೆ ಪಾಸ್ಟರು ನಿಂತ ವಿಡಿಯೋ ಒಂದು ಸಿಕ್ಕರೆ ಸಾಕು, ಅವನೂ ಕ್ರೈಸ್ತನೆಂದು ಅವನ ಮೇಲೆ ಅರ್ಜಿ ಬರೆಯಲು ದಾಯಾದಿಗಳು ಕಾದು ಕುಳಿತಿದ್ದರು.

“ಅಕಿಗಿ ಮಾತು ಕೊಟ್ಟೀನಪಾ,” ಅಂದರು ಇವರು.

“ಅಕಿ ಹೋಗ್ಯಾಳ್ರೀ. ನನಗ ಸಣ್ಣ ಸಣ್ಣ ಮಕ್ಕಳದಾವ.”

ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆಂದು ಇವತ್ತಿಗೂ ತಿಳಿದಿಲ್ಲ. ತಾಯಿ ಮಗ ಒಂದೇ ಕೇರಿಯಲ್ಲಿ ಹುಟ್ಟಿ ಒಂದೇ ಬೈಗುಳ ತಿಂದವರು. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ ಮಾತ್ರಕ್ಕೆ ಅವಳನ್ನು ಊರೇನು ಗುಡಿಯೊಳಗೆ ಕರೆದು ಕೂರಿಸಿತ್ತೇ?

ಆಮೇಲೆ ಕೇರಿಯ ಹಿರಿಯ ಉರುಕುಂದಪ್ಪನ ಕರೆ. “ನೋಡ್ರಿ, ನೀವು ಪುಸ್ತಕ ತಗದ್ರ ನಾವು ಹೆಗಲು ಕೊಡಂಗಿಲ್ಲ. ನಮ್ಮ ಸ್ಮಶಾನದಾಗ ಕುಣಿ ತೋಡಾಕತ್ತೀವಿ. ನಿಮಗ ಬೇಕಂದ್ರ ಮಾನ್ವಿಗಿ ಒಯ್ಯಿರಿ.”

ಇವರು ಮಾನ್ವಿಗೆ ಫೋನು ಮಾಡಿದರು. ಕ್ರೈಸ್ತರ ಸ್ಮಶಾನದಲ್ಲಿ ಜಾಗವಿತ್ತು, ಆದರೆ ಮಗ ಒಪ್ಪಬೇಕು ಅಂದರು ಅಲ್ಲಿಯವರು. ಮಗನ ಫೋನು ಸ್ವಿಚ್ ಆಫ್ ಆಗಿತ್ತು.

ಈ ನಡುವೆ ಉಳಿದವರು ಬಿಡಬೇಕಲ್ಲ. ಹಾಡಿನ ತಂಡದವರು ಕೀಬೋರ್ಡಿನ ಜಗಳ ತಂದರು. ಪೋತ್ನಾಳದ ಅನ್ನಮ್ಮನ ಎಮ್ಮೆ ಹಾಲು ಬಿಗಿಹಿಡಿದಿತ್ತಂತೆ, ಅದಕ್ಕೂ ಇವರು ಪ್ರಾರ್ಥಿಸಿದರು.

“ಎಮ್ಮಿಗಿ ಸಿಕ್ಕಿದ್ದು ಶೇಖಮ್ಮಗ ಸಿಗಲಿಲ್ಲ ನೋಡ್ರಿ,” ಎಂದು ಗದರಿದೆ. ಅನ್ನಬಾರದಿತ್ತು. ಇವರು ಚಪ್ಪಲಿ ಕಳಚಿ ಹೊಸ್ತಿಲ ಮೇಲೆ ಕುಸಿದು ಕೂತರು.

“ಹೋದ್ರ ಅವನ ಅನ್ನ ಕಸಗೊಂಡಂಗ. ಹೋಗದಿದ್ರ ಅಕಿಗಿ ಮೋಸ ಮಾಡಿದಂಗ. ಏನ್ ಮಾಡ್ಲಿ ಹೇಳು,” ಅಂದರು. ಇವರು ಹೋಗಲಿಲ್ಲ.

ಮಧ್ಯಾಹ್ನ ಶೇಖಮ್ಮನ ನಂಬರಿನಿಂದಲೇ ಕರೆ ಬಂದಾಗ ನನ್ನ ಮೈ ಜುಮ್ಮೆಂದಿತು. ಮಾತಾಡಿದವಳು ಮೌನೇಶ್ವರಿ. ಹಿಂದೆ ಹಲಗೆ ಬಾರಿಸುವ ಸದ್ದು.

“ಇದು ಅವ್ವನ ಸಣ್ಣ ಫೋನ್ರೀ. ಹೆಣ್ಣುಮಕ್ಕಳು ಸ್ಮಶಾನಕ್ಕ ಹೋಗಂಗಿಲ್ಲ. ಅಕಿ ಸೆರಗಿನ್ಯಾಗ ಗಂಟು ಹಾಕಿ ಕಿವಿ ಮಗ್ಗಲಕ ಇಡ್ತೀನಿ. ಕಟ್ ಮಾಡಬ್ಯಾಡ್ರಿ. ಕುಣ್ಯಾಗ ಇಳಿಸಿದ ಮ್ಯಾಲ ಸಣ್ಣಗ ಪ್ರಾರ್ಥನಿ ಮಾಡಿಬಿಡ್ರಿ.”

ಆಮೇಲೆ ಬಟ್ಟೆ ಸರಿದಾಡಿದ ಸದ್ದು. ಹೊತ್ತವರ ಏದುಸಿರು, ಯಾರೋ ಕೆಮ್ಮಿದ್ದು, ಹಲಗೆಯ ಬಡಿತ, ಎಲ್ಲವೂ ನಮ್ಮ ಅಡುಗೆಮನೆಯಲ್ಲಿ ಕೇಳುತ್ತಿತ್ತು. ಇವರು ನೆಲಕ್ಕೆ ಮೊಣಕಾಲೂರಿದರು. “ಮೆಲ್ಲಕ ಇಳಸ್ರಲೇ” ಎಂದು ಯಾರೋ ಕೂಗಿದರು. ಹಲಗೆ ನಿಂತಿತು.

“ಕರ್ತನೇ, ನಿನ್ನ ಮಗಳು ಶೇಖಮ್ಮನನ್ನು ನಿನ್ನ ಕೈಗೆ ಒಪ್ಪಿಸುತ್ತಿದ್ದೇವೆ,” ಎಂದು ಇವರು ಪಿಸುಗುಟ್ಟಿದರು. ಅಷ್ಟರಲ್ಲಿ ಮಣ್ಣು ಬಿದ್ದ ಸದ್ದು. ಇವರು ಪ್ರಾರ್ಥಿಸುತ್ತಲೇ ಇದ್ದರು, ಮಣ್ಣು ಬೀಳುತ್ತಲೇ ಇತ್ತು. ಬರಬರುತ್ತಾ ಸದ್ದು ಮಂದವಾಗಿ ಏನೂ ಕೇಳದಾಯಿತು. ಆದರೂ ಕರೆ ಕಟ್ಟಾಗಿರಲಿಲ್ಲ.

“ಇಡ್ರಿ ಇನ್ನ,” ಅಂದೆ.

“ನನ್ನ ಕೈಲೆ ಆಗಂಗಿಲ್ಲ,” ಅಂದರು. ಸ್ವಲ್ಪ ಹೊತ್ತಿಗೆ ಅದು ತಾನಾಗೇ ಕಟ್ಟಾಯಿತು. ಹೇಗೋ ಮಾತು ಉಳಿಯಿತಲ್ಲ ಎಂದು ನಾನು ಅವರಿಗೆ ಚಹಾ ಇಟ್ಟೆ.

ದೀಪ ಹಚ್ಚುವ ಹೊತ್ತಿಗೆ ಅಮರೇಶನ ಕರೆ. ಚೆನ್ನಾಗಿ ಬೈಯಬೇಕೆಂದು ನಾನೇ ಎತ್ತಿಕೊಂಡು ಸ್ಪೀಕರಿಗೆ ಹಾಕಿದೆ. ಆ ಕಡೆಯಿಂದ ಬರೀ ಬಿಕ್ಕುವುದು ಕೇಳಿತು. ಬೈಗುಳ ನನ್ನ ಬಾಯಲ್ಲೇ ಉಳಿಯಿತು.

“ಪಾಸ್ಟರ್ರೀ, ಮೊದಲನೇ ಹಿಡಿ ಮಣ್ಣು ಹಾಕಾಕ ನಾ ಬಗ್ಗಿದೆ. ಅವ್ವನ ಸೆರಗಿನ್ಯಾಗಿಂದ ನಿಮ್ಮ ದನಿ ಬಂತು. ಅವ್ವನ ಹೆಸರು ಹಿಡದು ಪ್ರಾರ್ಥನಿ ಮಾಡಾಕತ್ತಿದ್ರಿ.”

“ಹೌದಪಾ,” ಅಂದರು ಇವರು. “ಆಮ್ಯಾಲ?”

“ದಾಯಾದಿಗಳು ಮಗ್ಗಲದಾಗ ನಿಂತಿದ್ರು. ಅವರಿಗಿ ಕೇಳಬಾರದಂತ ಸೀದಾ ಅವ್ವನ ಮಾರಿ ಮ್ಯಾಲೇ ಮಣ್ಣು ಹಾಕಿದ್ನಿರೀ. ಎರಡೂ ಕೈಲೆ, ನಿಮ್ಮ ದನಿ ನಿಲ್ಲೂತನಕ ಹಾಕಿದೆ.”