ದೇವರ ಗೂಡಿನ ಚಿತ್ರದ ಪುಸ್ತಕ

ನಮ್ಮ ಮಾವ ದೊಡ್ಡಮುನಿಯಪ್ಪನವರಿಗೆ ಓದು ಬರಹ ಗೊತ್ತಿಲ್ಲ. ಪುಸ್ತಕ ಎಂದರೆ ಮಾತ್ರ ಪ್ರಾಣ. ಐವತ್ತೆಂಟನೇ ಇಸವಿಯಲ್ಲಿ ಮೊಮ್ಮಗಳಿಗೆಂದು ಯಶವಂತಪುರದಿಂದ ಪ್ರಾಣಿಗಳ ಚಿತ್ರದ ಪುಸ್ತಕ ತಂದರು. ತಂದವರು ಮಗುವಿನ ಕೈಗೆ ಕೊಡಬೇಕೋ ಬೇಡವೋ? ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟರು. ಅಕ್ಷರ ಕಲಿತ ಮೇಲೆ ಮುಟ್ಟಬೇಕಂತೆ. ಈಜು ಕಲಿತ ಮೇಲೆ ನೀರಿಗಿಳಿ ಅಂದ ಹಾಗಾಯಿತು!

ನನ್ನ ಮೂರು ವರ್ಷದ ಮಗಳು ನಾರಾಣಿ ಸುಮ್ಮನಿದ್ದಾಳೆಯೇ? ಒಂದು ಬೆಳಿಗ್ಗೆ ಅದನ್ನು ಎಳೆದು ಬೀಳಿಸಿದಳು, ಕಾಲು ತಗುಲಿತು. ಮಾವ ಅರಚಿದರು: "ಪುಸ್ತಕ ತುಳಿದ್ಯಾ? ಸರಸ್ವತಿ ಬಂದು ಕಣ್ ಕಿತ್ಕೊಂಡ್ ಓಗ್ತಾಳೆ, ನೋಡ್ತಿರು!" ಪುಸ್ತಕವನ್ನು ಕಣ್ಣಿಗೊತ್ತಿ ಗೂಡಿಗಿಟ್ಟು, ಅತ್ತೆಯ ಜೊತೆ ಹೊಲಕ್ಕೆ ಹೊರಟೇಬಿಟ್ಟರು.

ಮಗು ಕಣ್ಣು ಮುಚ್ಚಿತು. ತೆರೆಯಲೇ ಇಲ್ಲ.

ನಾನು ಮುಟ್ಟಾಗಿ ಕೊಟ್ಟಿಗೆಯ ಪಕ್ಕ ಹೊರಗೆ ಕೂತಿದ್ದೆ. ಮನೆಯೊಳಗೆ ಕಾಲಿಡುವಂತಿಲ್ಲ, ಮಗುವನ್ನು ಮುಟ್ಟುವಂತಿಲ್ಲ. ಗಂಡ ಚಿಕ್ಕಬಾಣಾವರದ ಸ್ಟೇಷನ್ನಿನಲ್ಲಿ ರೈಲು ಹತ್ತಿ ಕೆಲಸಕ್ಕೆ ಹೋಗಿಯಾಗಿತ್ತು. ನಾರಾಣಿ ಕಣ್ಣುಮುಚ್ಚಿಕೊಂಡೇ ತಡವರಿಸುತ್ತ ಹಿತ್ತಿಲಿಗೆ ಬಂದಳು, ನೇರ ಕಟ್ಟೆಯಿಲ್ಲದ ಬಾವಿಯ ಕಡೆಗೆ. ಓಡಿ ಬಾಚಿಕೊಂಡೆ. ಮೈಲಿಗೆಯಂತೆ, ಹಾಳಾಗಿ ಹೋಗಲಿ!

"ಕಣ್ ಬಿಡು ಚಿನ್ನ."

"ಊಹೂಂ. ಬಿಟ್ರೆ ಕಿತ್ಕೊಂತಾಳೆ."

ಬೈದೆ, ಬೇಡಿಕೊಂಡೆ, ಬೆಲ್ಲ ಕೊಡ್ತೀನಿ ಎಂದೆ. ರೆಪ್ಪೆ ಬಿಚ್ಚಲಿಲ್ಲ. ಹೀಗೇ ಉಳಿದುಬಿಟ್ಟರೆ? ಪುಸ್ತಕ ಎಂದರೆ ನಡುಗುವ ಮಗು ಮುಂದೆ ಓದುವುದುಂಟೇ? ಒಳಗೆ ನುಗ್ಗಿ ದೇವರ ಗೂಡಿಗೇ ಕೈ ಹಾಕಿದೆ. ಸುಳ್ಳೇಕೆ, ನನ್ನ ಕಣ್ಣಿನ ಬಗ್ಗೆ ನನಗೂ ಭಯವಾಯಿತು. ಜಗುಲಿಯ ಮೇಲೆ ಅವಳನ್ನು ತೊಡೆಯಲ್ಲಿ ಕೂರಿಸಿಕೊಂಡು ಪುಸ್ತಕ ಬಿಚ್ಚಿದೆ.

"ಅಮ್ಮ ಮುಟ್ಟವ್ಳೆ, ಅದೂ ಇಂತಾ ದಿವ್ಸ. ನನ್ ಕಣ್ ಐತೋ ಇಲ್ವೋ, ನೀನೇ ನೋಡು."

ಒಂದು ಕಣ್ಣು ಸಣ್ಣಗೆ ಬಿಚ್ಚಿತು. ನನ್ನ ಮುಖ ನೋಡಿದಳು, ಆಮೇಲೆ ಆನೆಯನ್ನು. "ಅದ್ಯಾಕಷ್ಟ್ ಉದ್ದ ಮೂಗು?" ನನಗೇನು ಅಕ್ಷರ ಬರುತ್ತದೆಯೇ? ಬಾಯಿಗೆ ಬಂದ ಕಥೆ ಕಟ್ಟಿದೆ.

ಅಷ್ಟರಲ್ಲಿ ಮಾವ ಅಂಗಳಕ್ಕೆ ಬಂದರು. "ಲೇ, ಮುಟ್ಟಾದೋಳು ಏನೇ ಮಾಡ್ತಿದ್ದೀಯಾ!"

ನಾರಾಣಿ ಎದ್ದು ನಿಂತು, ಎರಡೂ ಅಂಗೈಯಿಂದ ನನ್ನ ಕಣ್ಣುಗಳನ್ನು ಒತ್ತಿ ಮುಚ್ಚಿದಳು.

"ತಾತ, ಸರಸ್ವತಿನ ಕರೀಬ್ಯಾಡ! ನಮ್ಮಮ್ಮಂಗೆ ಕಣ್ ಬೇಕು!"

ನನಗೇನೂ ಕಾಣಲಿಲ್ಲ, ಮಾವನ ಏದುಸಿರು ಮಾತ್ರ ಕೇಳಿಸಿತು. ಆಮೇಲೆ ಅವರು ನನ್ನ ಪಕ್ಕದಲ್ಲೇ ಜಗುಲಿಯ ಮೇಲೆ ಕೂತದ್ದು ಗೊತ್ತಾಯಿತು.

"ಕರಿಯಾಕಿಲ್ಲ ಮಗಾ," ಎಂದರು. "ಇದ್ಯಾವ್ ಪ್ರಾಣಿ, ತಾತಂಗೂ ತೋರ್ಸು."

ನಾರಾಣಿ ನನ್ನ ಒಂದು ಕಣ್ಣಿನ ಮೇಲಿಂದ ಕೈ ತೆಗೆದು ಆನೆಯನ್ನು ತೋರಿಸಿದಳು. ಇನ್ನೊಂದು ಕೈಯನ್ನು ತೆಗೆಯಲಿಲ್ಲ.