ಚಿಕ್ಕಣ್ಣನ ಹೊಟ್ಟೆ

ಬೆಸಗರಹಳ್ಳಿಯಲ್ಲಿ ಯಾರಿಗೆ ಹೊಟ್ಟೆನೋವು ಬಂದರೂ ನನ್ನನ್ನೇ ಕರೆಯುತ್ತಾರೆ. ಹರಳೆಣ್ಣೆ ಹಚ್ಚಿ, ನೀವಿ, ವಾಯು ಇಳಿಸುತ್ತೇನೆ. ಪಕ್ಕದ ಹೊಲದ ಚಿಕ್ಕಣ್ಣ ಮಾತ್ರ ಬದುವಿನ ಜಗಳವಾಡಿ ಮೂರು ವರ್ಷದಿಂದ ನನ್ನ ಮುಖ ನೋಡಿರಲಿಲ್ಲ. ಅಂಥವನ ಹೆಂಡತಿ ದೇವಿರಮ್ಮ ಮಟಮಟ ಮಧ್ಯಾಹ್ನ ಓಡಿ ಬಂದಳೆಂದರೆ ಸಂಕಟ ದೊಡ್ಡದೇ ಇರಬೇಕು. ನನ್ನ ಮಗ ಅಶೋಕ ತನ್ನ ಆಟೋದಲ್ಲಿ ನಮ್ಮಿಬ್ಬರನ್ನೂ ಕರೆದುಕೊಂಡು ಹೋದ.

ನಿನ್ನೆ ಬೀಗರೂಟ, ಬಾಡು ಜಾಸ್ತಿಯಾಗಿದೆ, ವಾಯು ಅಷ್ಟೇ ಎಂದು ದೇವಿರಮ್ಮ ದಾರಿಯುದ್ದಕ್ಕೂ ಹೇಳಿದ್ದೇ ಹೇಳಿದ್ದು. ಸೋಡಾ ಕುಡಿಸಿದರಂತೆ, ವಾಂತಿಯಾಯಿತಂತೆ. ಮಂಡಿನೋವಿಗೆ ಆರು ತಿಂಗಳಿಂದ ದಿನಾ ಮಾತ್ರೆ ನುಂಗುತ್ತಿದ್ದ ಎಂಬುದನ್ನು ನಾನು ಕೆದಕಿ ಕೇಳಿದ ಮೇಲೆ ಹೇಳಿದಳು.

ವಾಯು ಹಿಡಿದವನು ಹೊರಳಾಡುತ್ತಾನೆ, ಎದುರಿಗೆ ಸಿಕ್ಕವರನ್ನು ಬೈಯುತ್ತಾನೆ. ಚಿಕ್ಕಣ್ಣ ಮಂಡಿ ಮಡಚಿಕೊಂಡು ಅಲ್ಲಾಡದೆ ಮಲಗಿದ್ದ. ಮೈ ತಣ್ಣಗೆ ಬೆವೆತಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟೆ. ಹಲಗೆಯಂತೆ ಗಟ್ಟಿ, ಉಸಿರಾಡಿದರೂ ಏಳುತ್ತಿರಲಿಲ್ಲ. ಕೈ ತೆಗೆದುಬಿಟ್ಟೆ.

ನೀವುವುದಿಲ್ಲ, ಈಗಲೇ ಮಂಡ್ಯದ ಆಸ್ಪತ್ರೆಗೆ ಸಾಗಿಸಿ ಎಂದೆ. ಸೇರಿದ್ದವರು ಮುಖ ಮುಖ ನೋಡಿಕೊಂಡರು. ಬದುವಿನ ಹಗೆ ತೀರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡರು, ಪಾಪಿಗಳು! ಚಿಕ್ಕಣ್ಣನ ತಮ್ಮ ಸ್ವಾಮಿ, ನೀನು ಬಿಟ್ಟರೆ ನಾನೇ ನೀವುತ್ತೇನೆ ಎಂದು ಎಣ್ಣೆ ಬಟ್ಟಲು ಎತ್ತಿಕೊಂಡ. ಕಿತ್ತು ಅಂಗಳಕ್ಕೆಸೆದೆ. ಅವನು ಬರಿಗೈಯಲ್ಲೇ ಬಗ್ಗಿದ. ನನಗೆ ಬೇರೆ ದಾರಿ ಉಳಿಯಲಿಲ್ಲ.

"ಮುಟ್ಬ್ಯಾಡ ಕಣ್ಲಾ ಸ್ವಾಮಿ. ನನ್ ಗಂಡುನ್ ಒಟ್ಟೆನೂ ಇಂಗೇ ಇತ್ತು. ವಾಯು ಅಂತ ನಾನೇ ನೀವ್ದೆ. ಬೆಳಗಾಗೋಕ್ ಮುಂಚೆ ಸತ್ತೋದ."

ಎದೆ ನಿಂತು ಸತ್ತ ಎಂದು ಹನ್ನೆರಡು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಬಾಗಿಲಲ್ಲಿ ನಿಂತಿದ್ದ ಅಶೋಕನಿಗೂ ಅದನ್ನೇ ಹೇಳಿದ್ದೆ.

ಸ್ವಾಮಿ ಕೈ ಹಿಂದಕ್ಕೆಳೆದುಕೊಂಡ. ಅಶೋಕ ನನ್ನ ಕಡೆ ನೋಡದೆ ಬಂದು, ಅವನ ಜೊತೆ ಸೇರಿ ಚಿಕ್ಕಣ್ಣನನ್ನು ಆಟೋಗೆ ಎತ್ತಿ ಮಲಗಿಸಿದ. ದೇವಿರಮ್ಮ, ನಾನು ಹತ್ತಿದ ಮೇಲೆ ಮಂಡ್ಯಕ್ಕೆ ಓಡಿಸಿದ.

ನೋವಿನ ಮಾತ್ರೆ ನುಂಗಿ ನುಂಗಿ ಜಠರ ತೂತಾಗಿದೆ, ತಕ್ಷಣ ಆಪರೇಷನ್ ಆಗಬೇಕು, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಸಂಜೆ ಆಪರೇಷನ್ ಮುಗಿಯಿತು, ಜೀವ ಉಳಿಯಿತು. ದೇವಿರಮ್ಮ ನನ್ನ ಕೈ ಹಿಡಿದು ಅತ್ತಳು. ಬಿಡಿಸಿಕೊಂಡು ಹೊರಗೆ ಬಂದೆ.

ಅಶೋಕ ಆಟೋದಲ್ಲಿ ಕೂತಿದ್ದ. ತಲೆ ಎತ್ತದೆಯೇ ಕೇಳಿದ.

"ಅವತ್ತು ಆಸ್ಪತ್ರೆಗ್ ಓಗವ ಅಂತ ಅಪ್ಪ ಕೇಳಿದ್ನಾ?"

ಎರಡು ಸಲ ಕೇಳಿದ್ದ. ಮಗನ ಮುಂದೆ ಇನ್ನೊಂದು ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

"ಕೇಳಿದ್ದ ಕಣಪ್ಪ," ಎಂದೆ. "ನಾನೇ ಬ್ಯಾಡ ಅಂದೆ."