ಬ್ರೆಡ್ ಸೆಟ್ಟಿನ ಹಿಂದೆ ಬಿದ್ದವರು

ಜನವರಿ ಬಂತೆಂದರೆ ಸಾಕು, ನನ್ನ ಕಾರ್ಡಿನ ಅಂಗಡಿಯ ಫೋನಿಗೆ ಬೈಗುಳದ ಸುಗ್ಗಿ. ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಕಾರ್ಡುಗಳ ಹಳೆಯ ಸೆಟ್ಟುಗಳಲ್ಲಿ ಯಾವುದರ ಹಿಂದೆ ಜನ ಎಷ್ಟು ಬಿದ್ದಿದ್ದಾರೆ ಎಂಬ ಲೆಕ್ಕವನ್ನು ಸಂಗ್ರಾಹಕರ ಮಾಸಪತ್ರಿಕೆಗೆ ಬರೆದುಕೊಡುವವಳು ನಾನು. ಇಪ್ಪತ್ತಾರು ವರ್ಷದಿಂದ ಬರೆಯುತ್ತಿದ್ದೇನೆ. ತಮ್ಮ ಸೆಟ್ಟು ಎರಡು ಸ್ಥಾನ ಕೆಳಗಿಳಿದರೆ ಗಂಡಸರು ಹೆಂಡತಿಯನ್ನೇ ಯಾರೋ ಕುರೂಪಿ ಎಂದಂತೆ ಹಾರಾಡುತ್ತಾರೆ. ಹಾರಾಡಲಿ. ನಾನು ಒಂದು ಸಂಖ್ಯೆಯನ್ನೂ ತಿದ್ದಿದವಳಲ್ಲ. ಅಂದರೆ, ಈಗ ಹೇಳಹೊರಟಿರುವ ಆ ಒಂದು ವರ್ಷ ಬಿಟ್ಟು.

ಲೆಕ್ಕದಲ್ಲಿ ಬ್ರಹ್ಮವಿದ್ಯೆಯೇನೂ ಇಲ್ಲ. ಕಾರ್ಡು ಕಳಿಸಿದರೆ ದರ್ಜೆ ಹಾಕುವ ಕಂಪನಿಯವರು ಅದರ ಮೂಲೆ, ಅಂಚು, ಬಣ್ಣ ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ, ಮೇಲೊಂದು ನಂಬರು ಅಂಟಿಸುತ್ತಾರೆ. ಅಂಥ ಕಾರ್ಡುಗಳಿಂದ ಸೆಟ್ಟು ಕೂಡಿಸುವವರ ಹೆಸರೆಲ್ಲ ಅವರ ಪಟ್ಟಿಯಲ್ಲಿರುತ್ತದೆ. ಯಾರು ಮೊದಲು, ಯಾರು ಎರಡನೆಯವರು ಎಂದು ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ನೋಡಬಹುದು. ಹೆಸರಿದ್ದ ಮಾತ್ರಕ್ಕೆ ನಾನು ಎಣಿಸುವುದಿಲ್ಲ. ವರ್ಷದೊಳಗೆ ಒಂದಾದರೂ ಕಾರ್ಡು ಸೇರಿಸಿರಬೇಕು, ಇಲ್ಲವೇ ಇದ್ದುದರ ಬದಲು ಮೇಲಿನ ದರ್ಜೆಯದನ್ನು ಹಾಕಿರಬೇಕು. ಸುಮ್ಮನೆ ಕೂತವನು ಇಟ್ಟುಕೊಂಡವನೇ ಹೊರತು ಹಿಂದೆ ಬಿದ್ದವನಲ್ಲ. ನನ್ನ ಗಂಡ ಗೇಜಾ ತೀರಿಕೊಂಡ ಮರುವರ್ಷ ಅವನ ಹೆಸರನ್ನೂ ಬಿಟ್ಟೆ. ಕಲ್ಲೆದೆಯವಳು ಎಂದರು. ಅವನೊಂದಿಗೆ ಮೂವತ್ತೊಂಬತ್ತು ವರ್ಷ ಸಂಸಾರ ಮಾಡಿದವಳು ನಾನು, ಅವರಲ್ಲ.

ನಮ್ಮ ಟೊಲೆಡೊ ಊರಿಗೆ ತನ್ನದೇ ಆದ ಒಂದು ಸೆಟ್ಟಿದೆ. 1955ರಲ್ಲಿ ಸ್ಟ್ರಾಸ್ನರ್ ಬೇಕರಿಯವರು ಬ್ರೆಡ್ಡಿನ ಪೊಟ್ಟಣಕ್ಕೊಂದರಂತೆ ಹಾಕಿ ಕೊಟ್ಟ ನಲವತ್ತೆಂಟು ಕಾರ್ಡು. ಅಚ್ಚು ಮಸುಕು, ಅಂಚು ಸೊಟ್ಟ, ಮುಕ್ಕಾಲು ಪಾಲಿನ ಮೇಲೆ ಜಿಡ್ಡಿನ ಕಲೆ. ದೊಡ್ಡ ಕಂಪನಿಗಳ ಸೆಟ್ಟಿನ ಹಿಂದೆ ಸಾವಿರಾರು ಜನ ಬಿದ್ದರೆ, ಇದರ ಹಿಂದೆ ಒಂದು ಕಾಲಕ್ಕೆ ನಲವತ್ತು ಜನ, ಆಮೇಲೆ ಹನ್ನೆರಡು, ಆಮೇಲೆ ಇಬ್ಬರು. ಮೂವತ್ತೊಂದನೆಯ ಕಾರ್ಡು ಆ ಇಬ್ಬರ ಬಳಿಯೂ ಇರಲಿಲ್ಲ. ಅದರಲ್ಲಿದ್ದ ಆಟಗಾರ ಆ ವರ್ಷದ ಏಪ್ರಿಲಿನಲ್ಲೇ ಬೇರೆ ತಂಡಕ್ಕೆ ಹೋಗಿಬಿಟ್ಟ. ಬೇಕರಿಯವರು ಅವನ ಕಾರ್ಡು ಹಾಕುವುದನ್ನೇ ನಿಲ್ಲಿಸಿದರು.

ಇಬ್ಬರಲ್ಲಿ ಒಬ್ಬ ಫೋರ್ಟ್ ವೇನ್ ಊರಿನ ಮರ್ಲ್ ವ್ಯಾಂಡರ್‌ಹೂಫ್. ಇನ್ನೊಬ್ಬ ನಮ್ಮ ವರ್ಜಿಲ್ ಹಾಸೆನ್‌ಕ್ಯಾಂಪ್. ಗಾಜಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಬೆಂದು ನಿವೃತ್ತನಾದವನು, ಎಂಬತ್ತೊಂದರ ಮುದುಕ. ಹೆಂಡತಿಯಿಲ್ಲ. ಎರಡು ವರ್ಷದಿಂದ ಮೂತ್ರಪಿಂಡ ಕೈಕೊಟ್ಟು ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಗುರುವಾರ ಮಾತ್ರ ನನ್ನ ಅಂಗಡಿ. ನೀರು ಅಳೆದು ಕುಡಿಯಬೇಕಾದ್ದರಿಂದ ಅವನಿಗೆ ಒಂದು ಬಟ್ಟಲಲ್ಲಿ ಮಂಜುಗಡ್ಡೆಯ ಚೂರು ಇಟ್ಟಿರುತ್ತಿದ್ದೆ. ಅದನ್ನು ಚೀಪುತ್ತ, ಭೂತಗನ್ನಡಿ ಹಿಡಿದು ನನ್ನ ಕಂಪ್ಯೂಟರಿನಲ್ಲಿ ಪಟ್ಟಿ ನೋಡುತ್ತಿದ್ದ. ಹತ್ತೊಂಬತ್ತು ವರ್ಷದಿಂದ ಅವನೇ ಮೊದಲಿಗ, ಮರ್ಲ್ ಎರಡನೆಯವನು. ಇಬ್ಬರೂ ಒಮ್ಮೆಯೂ ಭೇಟಿಯಾದವರಲ್ಲ.

"ಆ ಮರ್ಲ್ ಹದಿನಾರನೇ ನಂಬರಿಗೆ ಏಳು ಅಂಕ ಹೊಡ್ಕೊಂಡಿದ್ದಾನೆ ನೋಡು. ಲಂಚ ಕೊಟ್ಟಿರ್ಬೇಕು ಮುದಿಯ."

"ನೀನೇನು ಎಳೇ ಹುಡುಗನಾ?"

"ಅವನಿಗಿಂತ ಎಂಟು ತಿಂಗಳು ಚಿಕ್ಕೋನು ಮಾರಾಯ್ತಿ, ನೆನಪಿಟ್ಕೋ."

ಬಂದ ತಕ್ಷಣ ಒಂದು ಸಲ, ಹೊರಡುವಾಗ ಒಂದು ಸಲ, "ಬಂತಾ?" ಎಂದು ಕೇಳುವುದು ಅವನ ರೂಢಿ. ಮೂವತ್ತೊಂದು ಬಂತಾ ಎಂದರ್ಥ. "ಬಂದಿಲ್ಲ" ಎನ್ನುವುದು ನನ್ನ ರೂಢಿ.

ಒಂದು ಬೇಸಗೆಯಲ್ಲಿ ಮರ್ಲ್ ತೀರಿಕೊಂಡ. ಅವನ ಹೆಂಡತಿ ಸೆಟ್ಟು ಮಾರಿದಳು, ಹೆಸರು ಪಟ್ಟಿಯಿಂದ ಹೋಯಿತು. ವರ್ಜಿಲ್ ಅಂದು ಮಂಜುಗಡ್ಡೆ ಮುಟ್ಟಲಿಲ್ಲ. "ಓಡೋನು ಒಬ್ಬನೇ ಅಂದ್ಮೇಲೆ ಅದೆಂಥ ಓಟ ಇಲೋನಾ" ಎಂದು ಎದ್ದು ಹೋದ. ಮುಂದಿನ ಎರಡು ಗುರುವಾರ ಬರಲೇ ಇಲ್ಲ.

ಮೂರನೆಯ ಗುರುವಾರ ಬಂದದ್ದು ಅವನ ಮಗಳು ನೊರೀನ್. ಶಾಲೆಯ ಬಸ್ಸು ಓಡಿಸುತ್ತಾಳೆ, ಐವತ್ತು ದಾಟಿದ್ದಾಳೆ, ಅಪ್ಪನ ಹಾಗೆಯೇ ಅಗಲ ಭುಜದವಳು.

"ಇಲೋನಾ ಆಂಟಿ, ಅಪ್ಪ ಡಯಾಲಿಸಿಸ್ ಬಿಟ್ಬಿಡ್ತೀನಿ ಅಂತಿದಾರೆ. ಡಾಕ್ಟ್ರು ಅದು ಅವರಿಷ್ಟ ಅಂದ್ರು. ಬಿಟ್ರೆ ಹತ್ತು ದಿನ, ಹೆಚ್ಚು ಅಂದ್ರೆ ಎರಡು ವಾರ."

"ಅವನನ್ನ ಇಲ್ಲಿಗೆ ಕರ್ಕೊಂಡ್ ಬಾ, ನಾನು ಉಗೀತೀನಿ" ಎಂದೆ.

ಉಗಿಯುವ ಪ್ರಮೇಯವೇ ಬರಲಿಲ್ಲ. ಹದಿನೈದು ದಿನ ಕಳೆಯುವಷ್ಟರಲ್ಲಿ ಬ್ರೆಡ್ ಸೆಟ್ಟಿನ ಪಟ್ಟಿಯಲ್ಲಿ ಮೂರು ಹೊಸ ಹೆಸರು ಕಾಣಿಸಿಕೊಂಡವು. ವಾರಕ್ಕೊಂದು ಎರಡು ಕಾರ್ಡು ಸೇರಿಸುತ್ತ ಮೂವರೂ ವರ್ಜಿಲನ ಬೆನ್ನು ಹತ್ತಿದರು. ಗುರುವಾರ ಅವನು ಊರುಗೋಲು ಕುಟ್ಟುತ್ತ ಬಂದ, ಮುಖದಲ್ಲಿ ಕಳೆ ಬಂದಿತ್ತು.

"ಯಾರೇ ಇವು, ನಿನ್ನೆ ಮೊನ್ನೆ ಹುಟ್ಟಿದ್ ಪಿಳ್ಳೆಗಳು? ನನ್ನ ಜಾಗಕ್ಕೇ ಕಣ್ಣು ಹಾಕಿದಾವಲ್ಲ?"

"ಜಾಗ ಬಿಟ್ಕೊಟ್ಟು ಮನೇಲಿ ಬಿದ್ಕೋ ಮತ್ತೆ."

"ಬಿಟ್ಕೊಡ್ತೀನಿ, ಕಾಯ್ತಾ ಇರು" ಎಂದು ಬಟ್ಟಲಿಗೆ ಕೈ ಹಾಕಿದ. ಡಯಾಲಿಸಿಸ್ ಬಿಡುವ ಮಾತು ಮತ್ತೆ ಅವನ ಬಾಯಲ್ಲಿ ಬರಲಿಲ್ಲ.

ಡಿಸೆಂಬರಿನಲ್ಲಿ ಲೆಕ್ಕಕ್ಕೆ ಕೂತಾಗ ನನಗೆ ಅನುಮಾನ ಹೊಕ್ಕಿತು. ಒಬ್ಬನ ಸೆಟ್ಟಿಗೆ ಕಾರ್ಡು ಸೇರಿದ ದಿನವೇ ಇನ್ನೊಬ್ಬನ ಸೆಟ್ಟಿನಿಂದ ಅದೇ ಕಾರ್ಡು ಇಳಿದಿರುತ್ತಿತ್ತು. ಪ್ಲಾಸ್ಟಿಕ್ಕಿನ ಮೇಲಿನ ನಂಬರುಗಳನ್ನು ಹಳೆಯ ಪಟ್ಟಿಯೊಂದಿಗೆ ಇಟ್ಟು ನೋಡಿದೆ. ಎಲ್ಲವೂ ಮರ್ಲ್‌ನ ಕಾರ್ಡುಗಳೇ. ಅವನ ಹೆಂಡತಿಗೆ ಫೋನು ಮಾಡಿದೆ. "ನಿಮ್ಮೂರಿನ ಹೆಂಗಸೇ ಕಣ್ರೀ ತಗೊಂಡಿದ್ದು. ಬಸ್ ಓಡಿಸ್ತೀನಿ ಅಂದ್ಲಪ್ಪ" ಎಂದಳು.

ನೊರೀನಳನ್ನು ಕರೆಸಿದೆ. ಬಂದವಳು ಕೋಟು ಕೂಡ ಬಿಚ್ಚಲಿಲ್ಲ.

"ನನ್ನ ಕಣ್ಣಿಗೇ ಮಣ್ಣೆರಚ್ತೀಯಾ? ಮೂರು ಹೆಸರು, ಒಂದೇ ಸೆಟ್ಟು. ಇದನ್ನ ನಾನು ಎಣಿಸಲ್ಲ."

"ಎಣಿಸಿ ಅನ್ನೋ ಹಕ್ಕು ನಂಗಿಲ್ಲ ಆಂಟಿ. ಆದ್ರೆ ಅಪ್ಪ ಪಟ್ಟೀನ ನಂಬ್ತಾರೋ ಇಲ್ವೋ, ನಿಮ್ಮ ಲೆಕ್ಕಾನ ನಂಬ್ತಾರೆ. ಜನವರೀಲಿ ಅದ್ರಲ್ಲಿ ಒಬ್ಬರೇ ಅಂತ ಬಂದ್ರೆ ಫೆಬ್ರವರಿ ನೋಡಲ್ಲ ಅವ್ರು."

"ಸುಳ್ಳು ಬರಿ ಅಂತೀಯ."

"ಹೌದು" ಎಂದಳು. ಅಳಲಿಲ್ಲ. ಅತ್ತಿದ್ದರೆ ಬೈದು ಕಳಿಸುವುದು ಸುಲಭವಾಗುತ್ತಿತ್ತು.

ನಾನು ನಾಲ್ಕು ಎಂದು ಬರೆದೆ. ಅಷ್ಟಕ್ಕೆ ನಿಲ್ಲದೆ, "ಬಹುಕಾಲದ ನಂತರ ಸ್ಟ್ರಾಸ್ನರ್ ಬ್ರೆಡ್ ಸೆಟ್ಟಿನ ಹಿಂದೆ ಮತ್ತೆ ಜನ ಬಿದ್ದಿದ್ದಾರೆ" ಎಂಬ ಸಾಲನ್ನೂ ಸೇರಿಸಿದೆ. ವರ್ಜಿಲ್ ಆ ಪುಟವನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಡಯಾಲಿಸಿಸ್ಸಿನ ನರ್ಸುಗಳಿಗೆಲ್ಲ ತೋರಿಸಿದನಂತೆ.

ಸುಳ್ಳಿಗೂ ಕಾಲು ಬರುತ್ತದೆ ಎಂದು ನಾನು ಯೋಚಿಸಿರಲಿಲ್ಲ. ನಮ್ಮೂರಿನ ದಿನಪತ್ರಿಕೆಯವರು ಆ ಸಾಲನ್ನೆತ್ತಿಕೊಂಡು ಒಂದು ಸಣ್ಣ ಸುದ್ದಿ ಮಾಡಿದರು. ಮಾರ್ಚಿ ತಿಂಗಳ ಒಂದು ಮಂಗಳವಾರ ಫಿಂಡ್ಲೆ ಕಡೆಯ ಒಬ್ಬ ಕೊಳಾಯಿ ರಿಪೇರಿಯವನು ಬಂದು, ಸತ್ತುಹೋದ ತಾಯಿಯ ಅಡುಗೆ ಚೀಟಿಗಳ ತಗಡಿನ ಡಬ್ಬವನ್ನು ಮುಂದಿಟ್ಟ. "ಪೇಪರ್‌ನಲ್ಲಿ ಓದ್ದೆ. ನಮ್ಮಮ್ಮ ಪೈ ಚೀಟಿಗೂ ಸೂಪ್ ಚೀಟಿಗೂ ಮಧ್ಯೆ ಇದನ್ನ ಅಡ್ಡ ಇಟ್ಟಿದ್ರು" ಎಂದ. ಮೂವತ್ತೊಂದು. ಒಂದು ಮೂಲೆ ಮೆತ್ತಗಾಗಿತ್ತು, ಹಿಂಬದಿಯಲ್ಲಿ ಬೆಣ್ಣೆಯ ಬೆರಳಚ್ಚು. ಅವನು ಕೇಳಿದ್ದನ್ನು ಚೌಕಾಸಿಯಿಲ್ಲದೆ ಕೊಟ್ಟು ಕಳಿಸಿದೆ.

ಅದನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ. ಮೊದಲು ದರ್ಜೆಗೆ ಕಳಿಸಬೇಕು, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಕಳಿಸಲಿಲ್ಲ. ಗುರುವಾರ ವರ್ಜಿಲ್ ಬಾಗಿಲಲ್ಲೇ ಕೇಳಿದ, "ಬಂತಾ?"

"ಬಂದಿಲ್ಲ" ಎಂದೆ. ವರ್ಷಗಟ್ಟಲೆ ಹೇಳಿದ ಮಾತು, ಸಲೀಸಾಗಿ ಬಂತು.

ಕಾರಣ ನನಗೆ ನಾನೇ ಚೆನ್ನಾಗಿ ಹೇಳಿಕೊಂಡೆ. ಸೆಟ್ಟು ತುಂಬಿದರೆ ಅವನಿಗೆ ಹಿಂದೆ ಬೀಳಲು ಏನೂ ಉಳಿಯುವುದಿಲ್ಲ, ಕೂಡಲೇ ಡಯಾಲಿಸಿಸ್ ಬಿಡುತ್ತಾನೆ, ಹತ್ತು ದಿನದಲ್ಲಿ ಮುಗಿಯುತ್ತಾನೆ, ನಾನು ಅವನ ಜೀವ ಉಳಿಸುತ್ತಿದ್ದೇನೆ. ನೊರೀನಳಿಗೂ ಹೇಳಲಿಲ್ಲ. ಎರಡನೆಯ ಗುರುವಾರ ಬಂದಿಲ್ಲ ಎಂದೆ. ಮೂರನೆಯದು, ನಾಲ್ಕನೆಯದು. ಅವನು ಕೂರುತ್ತಿದ್ದ ಕುರ್ಚಿಗೂ ಆ ಖಾನೆಗೂ ಒಂದು ಮೊಳ ದೂರ. ಮಾತಾಡುತ್ತ ಅವನು ಖಾನೆಯ ಹಿಡಿಯ ಮೇಲೆಯೇ ಊರುಗೋಲನ್ನು ತೂಗುಹಾಕುತ್ತಿದ್ದ.

ಐದನೆಯ ಗುರುವಾರ ಅವನು ಬಹಳ ಹೊತ್ತು ಪಟ್ಟಿ ನೋಡಲಿಲ್ಲ. ಚುಚ್ಚಿ ಚುಚ್ಚಿ ಕಪ್ಪುಗಟ್ಟಿದ ತೋಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಇಲೋನಾ, ಅದೊಂದು ಬಂದ್ರೆ ನಿಲ್ಲಿಸ್ಬಿಡ್ತೀನಿ."

"ಏನನ್ನ? ಇಲ್ಲಿಗೆ ಬಂದು ನನ್ನ ತಲೆ ತಿನ್ನೋದನ್ನಾ?"

"ಎಲ್ಲಾನೂ. ಸಾಕಾಗಿದೆ ಕಣೆ. ಆ ಕುರ್ಚಿ ಮೇಲೆ ನಾಕು ನಾಕು ಗಂಟೆ ಹೆಣದ ಥರ ಬಿದ್ಕೊಂಡು, ಮನೆಗೆ ಬಂದು ವಾಂತಿ ಮಾಡ್ಕೊಂಡು… ಸೆಟ್ಟು ತುಂಬಿಸಿ ಮೇಜಿನ ಮೇಲೆ ಹರಡ್ಕೊಂಡು ನೋಡ್ಬೇಕು. ಒಂದು ದೊಡ್ಡ ಲೋಟ ನೀರು ಗಟಗಟ ಕುಡೀಬೇಕು. ಆಮೇಲೆ ನನ್ನ ಮನೇಲಿ, ನನ್ನ ಮಂಚದ ಮೇಲೆ ಹೋಗ್ಬೇಕು. ಅರ್ಧಕ್ಕೆ ಬಿಟ್ಟು ಹೋಗೋಕೆ ಮನಸ್ಸು ಒಪ್ತಿಲ್ಲ, ಅಷ್ಟೇ."

"ನೊರೀನ್‌ಗೆ ಹೇಳಿದ್ದೀಯಾ?"

"ಅವಳು ಅಳ್ತಾಳೆ. ನೀನಾದ್ರೆ ಬೈತೀಯ, ಅದೇ ವಾಸಿ."

ನಾನು ಬೈಯಲಿಲ್ಲ. ಬಟ್ಟಲಿನಲ್ಲಿದ್ದ ಮಂಜು ಕರಗಿ ನೀರಾಗಿತ್ತು. ಒಳಗೆ ಹೋಗಿ ಬೇರೆ ತಂದಿಟ್ಟೆ. ಅವನು ಊರುಗೋಲು ತೆಗೆದುಕೊಂಡು ಎದ್ದ. ಬಾಗಿಲ ಬಳಿ ತಿರುಗಿ ನಿಂತ.

"ಬಂತಾ?"

ಆಗ ನಾನು ಅವನ ಜೀವದ ಬಗ್ಗೆ ಯೋಚಿಸುತ್ತಿರಲಿಲ್ಲ ಎಂಬುದನ್ನು ಇಲ್ಲಿ ಬರೆದುಬಿಡಬೇಕು. ಅವನಿಗೆ ಏನು ಬೇಕು ಎಂದು ಅವನೇ ಬಾಯಿಬಿಟ್ಟು ಹೇಳಿಯಾಗಿತ್ತು. ಗೇಜಾ ಹೋದ ಮೇಲೆ ವಾರದಲ್ಲಿ ನಾನು ಕಾಯುತ್ತಿದ್ದುದು ಒಂದೇ ದಿನವನ್ನು. ಆ ದಿನ ನನಗೆ ಬೇಕಾಗಿತ್ತು. ಮುದಿವಯಸ್ಸಿನಲ್ಲಿ ಇಷ್ಟು ಸ್ವಾರ್ಥ ಉಳಿದಿರುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

"ಬಂದಿಲ್ಲ" ಎಂದೆ.

ಮರುದಿನ ಶುಕ್ರವಾರ ಡಯಾಲಿಸಿಸ್ಸಿನ ಕುರ್ಚಿಯಲ್ಲೇ ಅವನ ಹೃದಯ ನಿಂತಿತು. ತೋಳಿನಲ್ಲಿ ಸೂಜಿ ಇತ್ತು. ಬಾಯಿ ಒಣಗಿದೆ ಎಂದು ನರ್ಸನ್ನು ಒಂದು ಗುಟುಕು ಕೇಳಿದ್ದನಂತೆ, ಆಕೆ ಸ್ವಲ್ಪ ತಡೆಯಿರಿ ಎಂದಿದ್ದಳಂತೆ.

ಅವತ್ತೇ ಅವನಿಗೆ ಕಾರ್ಡು ಕೊಡಬೇಕೆಂದು ಬೆಳಗ್ಗೆ ತೀರ್ಮಾನಿಸಿದ್ದೆ ಎಂದು ಬರೆದರೆ ಓದುವವರಿಗೆ ಹಿತವಾಗಬಹುದು. ಸುಳ್ಳು. ಸುದ್ದಿ ಬಂದಾಗ ನಾನು ಮುಂದಿನ ಗುರುವಾರ ಅವನಿಗೆಂದು ಕೋಳಿಸಾರು ಮಾಡುವುದಕ್ಕೆ ಉಪ್ಪು ಕಡಿಮೆಯಿರುವ ಸಾಮಾನು ಹುಡುಕುತ್ತಿದ್ದೆ.

ಭಾನುವಾರ ಶವಸಂಸ್ಕಾರದ ಮನೆಯಲ್ಲಿ ಅವನನ್ನು ಮಲಗಿಸಿದ್ದರು. ಕೆನ್ನೆಗೆ ಬಣ್ಣ ಹಚ್ಚಿ, ತೋಳಿನ ಕಪ್ಪು ಕಾಣದಂತೆ ಕೋಟು ತೊಡಿಸಿದ್ದರು. ಪಕ್ಕದ ಮೇಜಿನ ಮೇಲೆ ನೊರೀನ್ ಅವನ ನಲವತ್ತೇಳು ಕಾರ್ಡುಗಳನ್ನು ಸಾಲಾಗಿ ಇಟ್ಟು, ಮೂವತ್ತು ಮತ್ತು ಮೂವತ್ತೆರಡರ ನಡುವೆ ಜಾಗ ಬಿಟ್ಟಿದ್ದಳು. ಜನ ಬಂದು ನೋಡಿ, ಪಾಪ ಎಂದು ಮುಂದೆ ಹೋಗುತ್ತಿದ್ದರು. ಎಲ್ಲರೂ ಹೋದ ಮೇಲೆ ಚೀಲದಿಂದ ಕಾರ್ಡು ತೆಗೆದು ಅವಳ ಕೈಗಿಟ್ಟೆ.

ಅವಳು ಮುಂದೆ ನೋಡಿದಳು, ಹಿಂದೆ ನೋಡಿದಳು.

"ಯಾವಾಗ ಬಂತು ಆಂಟಿ?"

"ಐದು ವಾರ ಆಯ್ತು. ಅವನು ಪ್ರತಿ ಸಲ ಕೇಳ್ದ. ನಾನು ಪ್ರತಿ ಸಲ ಬಂದಿಲ್ಲ ಅಂದೆ."

ಕೆನ್ನೆಗೆ ಹೊಡೆಯಲಿ ಎಂದು ಕಾದೆ. ನಿಜವಾಗಿಯೂ ಕಾದೆ. ನೊರೀನ್ ನನ್ನನ್ನು ಎರಡೂ ಕೈಯಿಂದ ಬಾಚಿ ತಬ್ಬಿಕೊಂಡು, ಇಷ್ಟು ದಿನ ಅಳದಿದ್ದವಳು ನನ್ನ ಹೆಗಲ ಮೇಲೆ ಗೊಳೋ ಎಂದು ಅತ್ತಳು.

"ಐದು ವಾರ ಆಂಟಿ. ಆ ಐದು ವಾರ ನೀವು ಕೊಟ್ಟಿದ್ದು ನಂಗೆ. ಇದು ಸಿಕ್ಕಿದ್ರೆ ಅಪ್ಪ ಅವತ್ತೇ ಬಿಟ್ಬಿಡ್ತಿದ್ರು. ನಾನು ಅವ್ರನ್ನ ಸುಮ್ನೆ ಗೋಳು ಹುಯ್ಕೊಂಡ್ನೇನೋ, ಬಲವಂತ ಮಾಡಿ ಇಟ್ಕೊಂಡ್ನೇನೋ ಅಂತ ರಾತ್ರಿಯೆಲ್ಲ ಅದೇ ಯೋಚ್ನೆ. ಗುರುವಾರ ನಿಮ್ಮ ಹತ್ರ ಮಾತಾಡಿದ್ರಲ್ಲ, ಇನ್ನೂ ಇರ್ಬೇಕು ಅಂತಾನೇ ಇದ್ರು ಅಲ್ವಾ?"

ನನ್ನ ತೋಳು ಬಿಟ್ಟು ಅವಳು ಒಂದು ಹೆಜ್ಜೆ ಹಿಂದೆ ಸರಿದು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೂಂ ಕಣಮ್ಮ. ಇನ್ನೂ ಇರ್ಬೇಕು ಅಂತಾನೇ ಇದ್ದ" ಎಂದೆ.